ಹೊಟ್ಟೆಯೊಳಗಿನ ಜರಡಿಗೂ ಆಯಸ್ಸಿದೆ

ನಮ್ಮ ಚಿಕ್ಕಪ್ಪನ ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷವಾಯಿತು. ಆದರೂ ಅವರು ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಹೋಗಿ ಯಂತ್ರದ ಪಕ್ಕ ಮಲಗುವುದಿಲ್ಲ. ಬೀರೂರಿನ ಮನೆಯಲ್ಲೇ, ಹೊಟ್ಟೆಗೆ ಅಳವಡಿಸಿದ ಮೆದು ನಳಿಕೆಯ ಮೂಲಕ ದಿನಕ್ಕೆ ನಾಲ್ಕು ಸಲ ಎರಡೆರಡು ಲೀಟರ್ ದ್ರವ ತುಂಬಿಸಿಕೊಳ್ಳುತ್ತಾರೆ. ನಾಲ್ಕಾರು ಗಂಟೆ ಬಿಟ್ಟು ಅದನ್ನು ಹೊರಬಿಟ್ಟು ಹೊಸ ಚೀಲ ಹಾಕಿಕೊಳ್ಳುತ್ತಾರೆ. ಮಧ್ಯದ ಹೊತ್ತಿನಲ್ಲಿ ತೆಂಗಿನ ತೋಟ, ಪೇಪರ್, ಮೊಮ್ಮಗಳ ಹೋಂವರ್ಕ್. ಇದರ ಹೆಸರು ಸಿಎಪಿಡಿ, ಅಂದರೆ ಹೊಟ್ಟೆಯ ಮೂಲಕ ನಡೆಯುವ ಡಯಾಲಿಸಿಸ್.

ಇಲ್ಲಿ ಜರಡಿಯ ಕೆಲಸ ಮಾಡುವುದು ಪೆರಿಟೋನಿಯಂ. ಹೊಟ್ಟೆಯ ಒಳಗೋಡೆಗೂ ಕರುಳಿನ ಮೇಲೂ ಹಾಸಿಕೊಂಡಿರುವ ತೆಳ್ಳನೆಯ ಪೊರೆ ಅದು. ಬಿಡಿಸಿ ಹರಡಿದರೆ ಹೆಚ್ಚುಕಡಿಮೆ ನಮ್ಮ ಮೈಚರ್ಮದಷ್ಟೇ ವಿಸ್ತಾರ. ಅದರಡಿಯ ಸಣ್ಣ ರಕ್ತನಾಳಗಳಿಂದ ಯೂರಿಯಾದಂಥ ಕಲ್ಮಶಗಳು ದ್ರವಕ್ಕೆ ಇಳಿಯುತ್ತವೆ. ಹೆಚ್ಚಿನ ನೀರನ್ನು ಎಳೆಯಲು ದ್ರವದಲ್ಲಿ ಗ್ಲೂಕೋಸ್ ಇರುತ್ತದೆ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗುವುದರೊಳಗೆ ನೀರು ಬಿಟ್ಟುಕೊಂಡಿರುತ್ತದಲ್ಲ, ಅದೇ ತತ್ವ.

ನಾನು ಓದುತ್ತಿರುವುದು ಕೆಮಿಕಲ್ ಎಂಜಿನಿಯರಿಂಗ್. ಪೊರೆ, ಸಾಂದ್ರತೆ, ಆಸ್ಮಾಸಿಸ್ ಎಲ್ಲ ನಮ್ಮ ಸಿಲಬಸ್‌ನಲ್ಲೇ ಇವೆ. ಆದರೆ ಕಳೆದ ಸಲ ತಪಾಸಣೆಗೆ ಹೋದಾಗ ಡಾಕ್ಟರ್ ಹೇಳಿದ ಮಾತು ನಮ್ಮ ಪುಸ್ತಕದಲ್ಲಿರಲಿಲ್ಲ: ‘ಈ ಪೊರೆಯನ್ನು ಜೋಪಾನ ಮಾಡಬೇಕು, ದ್ರವವೇ ಇದನ್ನು ನಿಧಾನವಾಗಿ ಸವೆಸುತ್ತದೆ.’ ಜೀವ ಉಳಿಸುವ ದ್ರವವೇ ಪೊರೆಗೆ ಕೆಡುಕು ಮಾಡುವುದು ಹೇಗೆ? ಅಂದಿನಿಂದ ಹುಡುಕಿ ಓದತೊಡಗಿದೆ.

ಮೊದಲ ಕಾರಣ ಸಕ್ಕರೆಯೇ. ಆರೋಗ್ಯವಂತರ ರಕ್ತದಲ್ಲಿ ಲೀಟರಿಗೆ ಸುಮಾರು 1 ಗ್ರಾಂ ಗ್ಲೂಕೋಸ್ ಇರುತ್ತದೆ. ಡಯಾಲಿಸಿಸ್ ದ್ರವಗಳಲ್ಲಿ 1.5, 2.5 ಮತ್ತು 4.25 ಶೇಕಡಾ ಎಂಬ ಮೂರು ಬಗೆ. ಅಂದರೆ ಲೀಟರಿಗೆ 15ರಿಂದ 42 ಗ್ರಾಂ! ಇಂಥ ಪಾನಕದಲ್ಲಿ ಪೊರೆಯ ಮೇಲ್ಪದರದ ಜೀವಕೋಶಗಳು ವರ್ಷಗಟ್ಟಲೆ ನೆನೆಯುತ್ತವೆ.

ಎರಡನೆಯದು, ಸಕ್ಕರೆಯನ್ನು ಕಾಯಿಸಿದಾಗ ಹುಟ್ಟುವ ವಸ್ತುಗಳು. ಪಾಕ ಹಿಡಿಯುವಾಗ ಸ್ವಲ್ಪ ಮೈಮರೆತರೆ ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ಚೀಲದ ದ್ರವವನ್ನೂ ಕ್ರಿಮಿರಹಿತ ಮಾಡಲು ಕಾರ್ಖಾನೆಯಲ್ಲಿ ಬಿಸಿ ಮಾಡಲೇಬೇಕು. ಆಗ ಗ್ಲೂಕೋಸ್ ಒಡೆದು ಮೀಥೈಲ್‌ಗ್ಲೈಆಕ್ಸಲ್‌ನಂಥ ವಸ್ತುಗಳು ಹುಟ್ಟುತ್ತವೆ. ಇವು ಪೊರೆಯ ಪ್ರೋಟೀನ್‌ಗಳಿಗೆ ಅಂಟಿಕೊಂಡು ಜೀವಕೋಶಗಳನ್ನು ಕೆರಳಿಸುತ್ತವೆ. ಇವನ್ನು ಕಡಿಮೆ ಮಾಡಲೆಂದೇ ಹಳೆಯ ಬಗೆಯ ದ್ರವವನ್ನು ಆಮ್ಲೀಯವಾಗಿ, ಪಿಎಚ್ ಸುಮಾರು 5.5ರಲ್ಲಿ ಇಡುತ್ತಾರೆ. ಆದರೆ ಆ ಆಮ್ಲೀಯತೆಯೂ ಪೊರೆಗೆ ಹಿತವಲ್ಲ. ಕೆಲವರಿಗೆ ದ್ರವ ತುಂಬುವಾಗ ಹೊಟ್ಟೆ ನೋಯುವುದೂ ಉಂಟು.

ಕೆರಳಿದ ಜೀವಕೋಶಗಳು ಉರಿಯೂತದ ಸಂದೇಶ ಕಳಿಸುತ್ತವೆ, ರಕ್ಷಕ ಕೋಶಗಳು ಓಡಿಬರುತ್ತವೆ. ಗಾಯವಾದರೆ ಇದು ಒಳ್ಳೆಯದೇ, ನಾಲ್ಕು ದಿನದಲ್ಲಿ ಮುಗಿಯುತ್ತದೆ. ಇಲ್ಲಿ ದಿನಕ್ಕೆ ನಾಲ್ಕು ಸಲ ಕೆರಳಿಸುವ ಕೆಲಸ ಮುಂದುವರಿಯುವುದರಿಂದ ಸಣ್ಣ ಉರಿ ಆರುವುದೇ ಇಲ್ಲ. ಕ್ರಮೇಣ ಮೇಲ್ಪದರ ಉದುರುತ್ತದೆ, ಅಡಿಯ ಪದರ ನಾರುಗಟ್ಟಿ ದಪ್ಪವಾಗುತ್ತದೆ, ಹೊಸ ರಕ್ತನಾಳಗಳು ಬೆಳೆಯುತ್ತವೆ. ರಕ್ತನಾಳ ಹೆಚ್ಚಾದರೆ ಒಳ್ಳೆಯದಲ್ಲವೇ ಎಂದು ನನಗೂ ಅನಿಸಿತ್ತು. ಆದರೆ ಆಗುವುದು ಉಲ್ಟಾ. ದ್ರವದ ಸಕ್ಕರೆಯನ್ನು ಅವು ಬೇಗ ರಕ್ತಕ್ಕೆ ಹೀರಿಕೊಳ್ಳುತ್ತವೆ, ನೀರನ್ನು ಎಳೆಯುವ ಶಕ್ತಿ ಹೊರಟುಹೋಗುತ್ತದೆ. ನೀರು ಮೈಯಲ್ಲೇ ಉಳಿದು ಕಾಲು ಊದುತ್ತದೆ. ಆಗ ಇನ್ನೂ ಸಿಹಿಯಾದ ಚೀಲ ಬೇಕಾಗುತ್ತದೆ, ಅದು ಪೊರೆಯನ್ನು ಇನ್ನಷ್ಟು ಕೆಡಿಸುತ್ತದೆ. ಬಿಡಿಸಿಕೊಳ್ಳಲು ಕಷ್ಟವಾದ ಸುಳಿ ಇದು.

ಎಂಜಿನಿಯರುಗಳು ಸುಮ್ಮನೆ ಕೂತಿಲ್ಲ. ಹೊಸ ಬಗೆಯ ಚೀಲಗಳಲ್ಲಿ ಎರಡು ಕೋಣೆಗಳಿರುತ್ತವೆ. ಒಂದರಲ್ಲಿ ತುಂಬ ಆಮ್ಲೀಯವಾದ ಗ್ಲೂಕೋಸ್, ಹಾಗಾಗಿ ಕಾಯಿಸಿದರೂ ಅದು ಹೆಚ್ಚು ಒಡೆಯುವುದಿಲ್ಲ. ಇನ್ನೊಂದರಲ್ಲಿ ಆಮ್ಲವನ್ನು ಸರಿದೂಗಿಸುವ ದ್ರವ. ಬಳಸುವ ಮುನ್ನ ಒತ್ತಿದರೆ ನಡುವಿನ ತಡೆ ತೆರೆದು ಎರಡೂ ಬೆರೆಯುತ್ತವೆ, ಪಿಎಚ್ ರಕ್ತದ ಹತ್ತಿರಕ್ಕೆ ಬರುತ್ತದೆ. ಇದರಿಂದ ಇನ್ನೊಂದು ಲಾಭವೂ ಇದೆ. ನಮ್ಮ ಕಡೆ ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟ್ ಒಟ್ಟಿಗಿದ್ದರೆ ಚೀಲದಲ್ಲೂ ಹಾಗೇ ಆಗುತ್ತದೆ. ಅದಕ್ಕೇ ಹಳೆಯ ದ್ರವದಲ್ಲಿ ಲ್ಯಾಕ್ಟೇಟ್ ಬಳಸಿದರು. ಎರಡು ಕೋಣೆಯಿದ್ದರೆ ಬೈಕಾರ್ಬನೇಟನ್ನೂ ಬಳಸಬಹುದು. ರಾತ್ರಿಯ ದೀರ್ಘ ಹೊತ್ತಿಗೆ ಗ್ಲೂಕೋಸ್ ಬದಲು ಪಿಷ್ಟದಿಂದ ತಯಾರಿಸಿದ ಐಕೋಡೆಕ್ಸ್‌ಟ್ರಿನ್ ದ್ರವವೂ ಇದೆ. ಅದರ ದೊಡ್ಡ ಅಣುಗಳು ಬೇಗ ಹೀರಿಹೋಗುವುದಿಲ್ಲ.

ಹೊಸ ದ್ರವ ಬಳಸಿದವರಲ್ಲಿ ಅಳಿದುಳಿದ ಕಿಡ್ನಿಯ ಕೆಲಸ ಮತ್ತು ಮೂತ್ರದ ಪ್ರಮಾಣ ಹೆಚ್ಚು ಕಾಲ ಉಳಿಯುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಸೋಂಕು ಕಡಿಮೆಯಾಗುತ್ತದೆಯೇ ಎಂಬ ಬಗ್ಗೆ ಮಾತ್ರ ಎಲ್ಲ ಫಲಿತಾಂಶಗಳೂ ಒಂದೇ ದಿಕ್ಕಿನಲ್ಲಿಲ್ಲ. ಬೆಲೆಯೂ ಜಾಸ್ತಿ. ತಿಂಗಳಿಗೆ ನೂರಿಪ್ಪತ್ತು ಚೀಲ ಕೊಳ್ಳುವ ಮನೆಯಲ್ಲಿ ಒಂದೊಂದು ಚೀಲದ ಬೆಲೆಯೂ ಲೆಕ್ಕಕ್ಕೆ ಬರುತ್ತದೆ.

ಓದುತ್ತಾ ನನಗೆ ಖುಷಿ ಕೊಟ್ಟ ಸಂಗತಿ ಒಂದಿದೆ. ಸಿಎಪಿಡಿಯ ಕಲ್ಪನೆ ಕೊಟ್ಟ ಇಬ್ಬರಲ್ಲಿ ಜಾಕ್ ಮಾಂಕ್ರೀಫ್ ಡಾಕ್ಟರ್. ಇನ್ನೊಬ್ಬ ರಾಬರ್ಟ್ ಪೊಪೊವಿಚ್ ಎಂಜಿನಿಯರ್! ದ್ರವವನ್ನು ಗಂಟೆಗಟ್ಟಲೆ ಹೊಟ್ಟೆಯಲ್ಲೇ ಬಿಟ್ಟರೆ ದಿನಕ್ಕೆ ಕೆಲವೇ ಚೀಲಗಳಲ್ಲಿ ಕೆಲಸ ಮುಗಿಯುತ್ತದೆ ಎಂಬುದು ಅಮೆರಿಕದ ಆಸ್ಟಿನ್‌ನಲ್ಲಿ ಅವರು ಹಾಕಿದ ಲೆಕ್ಕ. 1976ರಲ್ಲಿ ಅವರು ಕಳಿಸಿದ ಪ್ರಬಂಧದ ಸಾರಾಂಶವನ್ನು ವೈದ್ಯಕೀಯ ಸಮ್ಮೇಳನವೊಂದು ತಿರಸ್ಕರಿಸಿತ್ತು. ಆಮೇಲೆ ಟೊರೊಂಟೊದ ಡಾ. ಒರಿಯೋಪೌಲಸ್ ಗಾಜಿನ ಬಾಟಲಿಯ ಬದಲು ಪ್ಲಾಸ್ಟಿಕ್ ಚೀಲ ತಂದರು, ಪದ್ಧತಿ ಮನೆಮನೆಗೆ ಹಬ್ಬಿತು. ಹಾಂಗ್‌ಕಾಂಗ್‌ನಲ್ಲಿ 1985ರಿಂದ ಮೊದಲ ಆಯ್ಕೆಯೇ ಇದು.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಅತಿ ಸಿಹಿ ಚೀಲದ ಅಗತ್ಯ ಬೀಳದಂತೆ ನೋಡಿಕೊಳ್ಳುವುದು. ಉಪ್ಪು ಹೆಚ್ಚಾದರೆ ಬಾಯಾರಿಕೆ, ಬಾಯಾರಿದರೆ ನೀರು, ನೀರು ಹೆಚ್ಚಾದರೆ ಸಿಹಿ ಚೀಲ. ಚಿಕ್ಕಮ್ಮ ಉಪ್ಪಿನಕಾಯಿ ಜಾಡಿಯನ್ನು ಅಟ್ಟಕ್ಕೇರಿಸಿದ್ದು ಇದಕ್ಕೇ. ‘ಏನ್ ಮಗಾ, ಎಂಜಿನಿಯರ್ ಆಗ್ತೀಯ, ಉಪ್ಪಿಲ್ಲದ ಉಪ್ಪಿನಕಾಯಿ ಕಂಡುಹಿಡಿ’ ಎಂದು ಚಿಕ್ಕಪ್ಪ ಕಾಡುತ್ತಾರೆ. ಎರಡನೆಯದು ಸೋಂಕು. ಕೈತೊಳೆಯದೆ ಜೋಡಣೆ ಮುಟ್ಟಿದರೆ ಕ್ರಿಮಿ ನೇರ ಹೊಟ್ಟೆ ಸೇರುತ್ತದೆ. ಒಂದು ಸಲದ ತೀವ್ರ ಸೋಂಕು ಪೊರೆಗೆ ಮಾಡುವ ಹಾನಿ ದೊಡ್ಡದು. ಹೊರಬಂದ ದ್ರವ ತಿಳಿಯಾಗಿರದೆ ಮೋಡಮೋಡವಾಗಿದ್ದರೆ, ಹೊಟ್ಟೆ ನೋವು, ಜ್ವರ ಬಂದರೆ ಆ ಚೀಲವನ್ನು ಎಸೆಯದೆ ಜೊತೆಗೇ ಹಿಡಿದು ಅವತ್ತೇ ಆಸ್ಪತ್ರೆಗೆ ಹೋಗಬೇಕು.

ನಮ್ಮ ತರಗತಿಯಲ್ಲಿ ಪೊರೆ ಎಂದರೆ ಕೆಟ್ಟರೆ ಬದಲಾಯಿಸುವ ಬಿಡಿಭಾಗ. ಈ ಪೊರೆಗೆ ಬಿಡಿಭಾಗ ಸಿಗುವುದಿಲ್ಲ. ಕಡಿಮೆ ಬೆಲೆಗೆ, ಕಡಿಮೆ ಕೆರಳಿಸುವ ದ್ರವ ತಯಾರಾಗಬೇಕು. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿರುವ ಗೆಳೆಯರೇ, ಇಲ್ಲೊಂದು ಕಾದಿದೆ.