ಮನೆಯ ಕೇಬಲ್ ಅಂತರಜಾಲಕ್ಕೆ ಲಿನಕ್ಸ್ ಅಡ್ಡಿಯಲ್ಲ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಹಳೆಯ ಗಣಕವನ್ನು ಗುಜರಿಗೆ ಹಾಕಲು ಮನಸ್ಸೊಪ್ಪದೆ ನಾವು ಅದರಲ್ಲಿ ಮುಕ್ತ ತಂತ್ರಾಂಶವಾದ ಉಬುಂಟು ಲಿನಕ್ಸನ್ನು ಅಳವಡಿಸಿದೆವು. ಕೇಬಲ್ ಅಂತರಜಾಲ ಮಾತ್ರ ಬರಲಿಲ್ಲ. ‘ಇದಕ್ಕೆ ವಿಂಡೋಸೇ ಬೇಕು’ ಎಂದರು ಕೇಬಲ್‌ನವರು. ಅದು ನಿಜವಲ್ಲ.

ಇಂತಹ ಸಂಪರ್ಕಗಳಲ್ಲಿ ಸಾಮಾನ್ಯವಾಗಿ ಎರಡು ಬಗೆ. ಡಿಎಚ್‌ಸಿಪಿ ಪದ್ಧತಿಯಲ್ಲಿ ತಂತಿ ಜೋಡಿಸಿದೊಡನೆ ಲಿನಕ್ಸ್ ತಾನಾಗಿಯೇ ಐಪಿ ವಿಳಾಸ ಪಡೆಯುತ್ತದೆ. ಪಿಪಿಪಿಒಇ ಪದ್ಧತಿಯಲ್ಲಿ ಬಳಕೆದಾರರ ಹೆಸರು, ಗುಪ್ತಪದಗಳನ್ನು ಕೊಡಬೇಕು. ನಮ್ಮದು ಎರಡನೆಯದು. ‘ಅಡ್ವಾನ್ಸ್ಡ್ ನೆಟ್‌ವರ್ಕ್ ಕಾನ್ಫಿಗರೇಶನ್’ ತೆರೆದು, ‘ಡಿಎಸ್‌ಎಲ್/ಪಿಪಿಪಿಒಇ’ ಆರಿಸಿ, ಅವೆರಡನ್ನೂ ತುಂಬಿದೊಡನೆ ಸಂಪರ್ಕ ದೊರೆಯಿತು.

ಗಣಕವನ್ನೇ ಬದಲಿಸಿದಾಗ ಸಂಪರ್ಕ ಸಿಗದಿದ್ದರೆ, ಕೇಬಲ್‌ನವರಲ್ಲಿ ನೋಂದಾಯಿತವಾದ ಮ್ಯಾಕ್ ವಿಳಾಸ ಹಳೆಯದಿರಬಹುದು. ಹೊಸದನ್ನು ಅವರಿಗೆ ತಿಳಿಸಬೇಕು. ಹೊಸ ಗಣಕಕ್ಕೆ ಹಣ ತೆರುವ ಮುನ್ನ ಓದುಗರು ಇಷ್ಟನ್ನು ಪರೀಕ್ಷಿಸಿ ನೋಡುವುದೊಳಿತು.