ಮಳೆಯಲ್ಲಿ ಕಾರಿನ ಕಣ್ಣು

ಆಟಿಯ ಮಳೆ ಧೋ ಎಂದು ಸುರಿಯುವಾಗ, ಕಾಪುವಿನಿಂದ ಉಡುಪಿಗೆ ಸಾಗುವ ಹೆದ್ದಾರಿಯಲ್ಲಿ ಮುಂದಿನ ಲಾರಿ ಚಾಲಕನ ಕಣ್ಣಿಗೇ ಮಸುಕಾಗುತ್ತದೆ. ಅವನಿಗೆ ನೆರವಾಗಲೆಂದು ವಿದ್ಯುತ್ ಕಾರಿನಲ್ಲಿ ಅಳವಡಿಸಿದ ಯಂತ್ರಕ್ಕೆ ದಾರಿ ಕಾಣುವುದೆಂತು?

ಆ ಯಂತ್ರದ ಒಂದು ಕಣ್ಣು ಕ್ಯಾಮೆರಾ. ರಸ್ತೆಯ ಬಿಳಿಗೆರೆ, ಫಲಕದ ಬರಹ, ದನ-ಮನುಷ್ಯರ ಭೇದ ಎಲ್ಲವನ್ನೂ ಅದು ಬಲ್ಲದು. ಆದರೆ ಗಾಜಿಗೆ ಮಳೆ ಬಡಿದರೆ ಅದಕ್ಕೂ ಮಬ್ಬು. ಇನ್ನೊಂದು ರೇಡಾರ್. ಅದು ಸುಮಾರು 4 ಮಿಲಿಮೀಟರ್ ಉದ್ದದ ರೇಡಿಯೋ ಅಲೆಗಳನ್ನು ಕಳುಹಿಸಿ, ಮರಳಿ ಬಂದವುಗಳಿಂದ ಎದುರಿನ ವಾಹನದ ದೂರವನ್ನೂ ವೇಗವನ್ನೂ ಅಳೆಯುತ್ತದೆ. ಮಣಿಪಾಲದ ಇರುಳಾಗಲಿ, ಕಾರ್ಕಳದಾಚೆಯ ಘಟ್ಟದ ಮಂಜಾಗಲಿ ಅದಕ್ಕೆ ದೊಡ್ಡ ಅಡ್ಡಿಯಲ್ಲ. ಆದರೆ ಅಕ್ಷರವನ್ನೂ ಬಣ್ಣವನ್ನೂ ಅದು ಅರಿಯದು; ನಿಂತ ವಾಹನವನ್ನು ಗುರುತಿಸಲು ತಡವರಿಸುವುದೂ ಉಂಟು.

ಅಮೆರಿಕದ ಟೆಸ್ಲಾ ಸಂಸ್ಥೆ 2021ರಲ್ಲಿ ತನ್ನ ಮಾಡೆಲ್ 3, ಮಾಡೆಲ್ ವೈ ಕಾರುಗಳಲ್ಲಿ ರೇಡಾರನ್ನು ಕೈಬಿಟ್ಟು ಕ್ಯಾಮೆರಾವನ್ನೇ ನೆಚ್ಚಿತು. ನಮ್ಮ ಮಹೀಂದ್ರ ಬಿಇ 6ರ ಮೇಲ್ದರ್ಜೆಯ ಮಾದರಿಗಳಲ್ಲಿ ಎರಡೂ ಇವೆ.

ಕಾಪುವಿನ ದೀಪಸ್ತಂಭ 1901ರಿಂದ ನಾವಿಕರಿಗೆ ಬೆಳಕು ತೋರುತ್ತ ಬಂದಿದೆ. ಆದರೂ ಇಂದಿನ ಹಡಗುಗಳು ರೇಡಾರಿಲ್ಲದೆ ಹೊರಡವು. ಕರಾವಳಿಯ ಕುಟುಂಬಗಳು ಕಾರು ಕೊಳ್ಳುವಾಗ ಬಣ್ಣ, ಬೆಲೆಗಳೊಡನೆ ಈ ಕಣ್ಣುಗಳನ್ನೂ ವಿಚಾರಿಸುವುದು ಲೇಸು. ಕಣ್ಣು ಎಷ್ಟೇ ಇರಲಿ, ಮಳೆಯಲ್ಲಿ ವೇಗ ತಗ್ಗಿಸುವ ವಿವೇಕ ಮಾತ್ರ ಚಾಲಕನದೇ.