ನೀರು ಹಾಕೋರು ಯಾರು?



ಊರಿನಿಂದ ಅಪ್ಪ ಅಮ್ಮ ಬಂದರೆ ಇಲ್ಲಿ ನಾವೆಲ್ಲರೂ ಮಾಡುವ ಕೆಲಸ ಒಂದೇ, ಲಂಡನ್ನಿಗೆ ಕರೆದುಕೊಂಡು ಹೋಗಿ ಬಕಿಂಗ್‌ಹ್ಯಾಮ್ ಅರಮನೆ ತೋರಿಸುವುದು! ಕೆಲವು ವರ್ಷಗಳ ಹಿಂದೆ ಹಾಸನದಿಂದ ಬಂದಿದ್ದ ನಮ್ಮ ಅಮ್ಮನನ್ನೂ ಹಾಗೇ ಕರೆದುಕೊಂಡು ಹೋಗಿದ್ದೆವು. ಅರಮನೆ ನೋಡಿ, ಪಾರ್ಕಿನಲ್ಲಿ ಕೂತು ಚಿತ್ರಾನ್ನದ ಡಬ್ಬಿ ಖಾಲಿ ಮಾಡಿ, ವಿಕ್ಟೋರಿಯಾ ಸ್ಟೇಷನ್ ಕಡೆಗೆ ನಡೆಯುತ್ತಿದ್ದಾಗ ಅಮ್ಮ ಒಂದು ಹೋಟೆಲಿನ ಪಕ್ಕ ನಿಂತೇ ಬಿಟ್ಟರು. ಅದರ ಒಂದು ಗೋಡೆ ಬುಡದಿಂದ ತುದಿಯವರೆಗೆ ಗಿಡಗಳಿಂದ ತುಂಬಿತ್ತು. ಹೂವು ಬಿಟ್ಟಿತ್ತು, ದುಂಬಿಗಳೂ ಇದ್ದವು.

"ಅಲ್ಲ ಕಣೋ, ಗೋಡೆಗೆ ಗಿಡ ನೆಟ್ಟಿದಾರಲ್ಲ, ಇದಕ್ಕೆ ನೀರು ಹಾಕೋರು ಯಾರು?" ಎಂದರು.

"ಏನೋ ವ್ಯವಸ್ಥೆ ಮಾಡಿರ್ತಾರೆ ಬಿಡಮ್ಮ" ಎಂದು ಆಗ ನಾನು ಜಾರಿಕೊಂಡೆ. ಆದರೆ ಆ ಪ್ರಶ್ನೆ ತಲೆಯಲ್ಲಿ ಉಳಿಯಿತು. ಉತ್ತರ ಹುಡುಕುತ್ತಾ ಹೋದಾಗ ತಿಳಿದದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಗೋಡೆಯ ಕಥೆ

ಅದು ರೂಬೆನ್ಸ್ ಹೋಟೆಲಿನ ಗೋಡೆ. 2013ರಲ್ಲಿ ಸಿದ್ಧವಾಯಿತು. ಸುಮಾರು 350 ಚದರ ಮೀಟರ್ ವಿಸ್ತೀರ್ಣ, 10,000ಕ್ಕೂ ಹೆಚ್ಚು ಗಿಡಗಳು. ನೀರು ಎಲ್ಲಿಂದ ಅಂದರೆ ಆಕಾಶದಿಂದಲೇ! ಚಾವಣಿಯ ಮೇಲೆ ಬಿದ್ದ ಮಳೆನೀರು ತೊಟ್ಟಿಗಳಲ್ಲಿ ತುಂಬಿಕೊಂಡು ಗೋಡೆಯುದ್ದಕ್ಕೂ ಇಳಿಯುತ್ತದೆ. ತೊಟ್ಟಿಗಳು ಸುಮಾರು 10,000 ಲೀಟರ್ ಹಿಡಿಯುತ್ತವೆ.

ಇದು ಬರೀ ಅಲಂಕಾರವಲ್ಲ. ಲಂಡನ್ನಿನ ಹಳೆಯ ಭಾಗಗಳಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಒಳಚರಂಡಿಗಳೇ ಇವೆ. ಮಳೆನೀರು, ಕೊಳಚೆ ಎರಡೂ ಒಂದೇ ಕೊಳವೆಯಲ್ಲಿ ಹರಿಯುತ್ತವೆ. ಜೋರು ಮಳೆ ಬಂದರೆ ಚರಂಡಿ ತಡೆಯಲಾರದೆ ಉಕ್ಕುತ್ತದೆ, ತಗ್ಗಿನ ಅಂಗಡಿ, ಹೋಟೆಲುಗಳಿಗೆ ನೀರು ನುಗ್ಗುತ್ತದೆ. ಗಿಡ, ಮಣ್ಣು, ತೊಟ್ಟಿ ಇದ್ದರೆ ಅಷ್ಟು ನೀರು ಸ್ವಲ್ಪ ಹೊತ್ತು ತಡೆದು ನಿಧಾನವಾಗಿ ಇಳಿಯುತ್ತದೆ. ಅಂದರೆ ವ್ಯಾಪಾರಿಗಳಿಗೂ ಇದರಲ್ಲಿ ಸ್ವಂತ ಲಾಭವಿದೆ. ಅದರಲ್ಲಿ ತಪ್ಪೇನೂ ಇಲ್ಲ ಅನ್ನಿ.

ಆದರೆ ಹೋಟೆಲಿನವರು ಒಂಟಿಯಾಗಿ ಇದನ್ನು ಮಾಡಲಿಲ್ಲ. ಅವರ ಜೊತೆಗೆ 'ವಿಕ್ಟೋರಿಯಾ ಬಿಡ್' ಎಂಬ ಸ್ಥಳೀಯ ವ್ಯಾಪಾರಿಗಳ ಕೂಟವಿತ್ತು. ಯಾವ ಚಾವಣಿ, ಯಾವ ಗೋಡೆ, ಯಾವ ಮೂಲೆಯಲ್ಲಿ ಹಸಿರು ತರಬಹುದು ಎಂದು ಆ ಕೂಟ ಇಡೀ ಪ್ರದೇಶದ ಸಮೀಕ್ಷೆಯನ್ನೇ ಮಾಡಿಸಿತ್ತು.

ಏನಿದು 'ಬಿಡ್'?

ಬಿಸಿನೆಸ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್ ಎಂಬುದರ ಚುಟುಕು ರೂಪ ಇದು. 1970ರಲ್ಲಿ ಕೆನಡಾದ ಟೊರೊಂಟೊ ನಗರದ ಒಂದು ಅಂಗಡಿಬೀದಿಯಲ್ಲಿ ಈ ಪದ್ಧತಿ ಹುಟ್ಟಿತು. ಇಂಗ್ಲೆಂಡಿನಲ್ಲಿ 2003ರ ಕಾನೂನು ಇದಕ್ಕೆ ದಾರಿ ಮಾಡಿಕೊಟ್ಟಿತು.

ಕ್ರಮ ಹೀಗಿದೆ. ಒಂದು ಪ್ರದೇಶದ ವ್ಯಾಪಾರಿಗಳು ಐದು ವರ್ಷಕ್ಕೆ ಮೀರದ ಒಂದು ಯೋಜನೆ ಹಾಕಿ ಅದನ್ನು ಮತಕ್ಕೆ ಇಡುತ್ತಾರೆ. ಬಿದ್ದ ಮತಗಳಲ್ಲಿ ಎಣಿಕೆಯಲ್ಲೂ ಬಹುಮತ ಬರಬೇಕು, ಮತ ಹಾಕಿದವರ ಕಟ್ಟಡಗಳ ತೆರಿಗೆ ಮೌಲ್ಯದ ಲೆಕ್ಕದಲ್ಲೂ ಬಹುಮತ ಬರಬೇಕು. ಹೀಗಾಗಿ ನಾಲ್ಕು ದೊಡ್ಡ ಕಂಪನಿಗಳು ಸೇರಿ ಚಿಕ್ಕವರ ಮೇಲೆ ಹೇರುವಂತಿಲ್ಲ, ಚಿಕ್ಕವರೆಲ್ಲ ಸೇರಿ ದೊಡ್ಡವರ ಜೇಬಿಗೆ ಕೈ ಹಾಕುವಂತೆಯೂ ಇಲ್ಲ. ಗೆದ್ದರೆ ಎಲ್ಲರೂ ವಂತಿಗೆ ಕೊಡಲೇಬೇಕು, ವಿರುದ್ಧ ಮತ ಹಾಕಿದವರು ಕೂಡ. ಹೆಸರು 'ಬಿಡ್' ಆದರೂ ಯಾರನ್ನೂ ಸುಲಭವಾಗಿ ಬಿಡುವುದಿಲ್ಲ! ವಂತಿಗೆ ಸಾಮಾನ್ಯವಾಗಿ ತೆರಿಗೆ ಮೌಲ್ಯದ ಶೇಕಡಾ 1ರಿಂದ 2ರ ಆಸುಪಾಸು. 60,000 ಪೌಂಡ್ ಮೌಲ್ಯದ ಅಂಗಡಿಗೆ ಶೇಕಡಾ 1 ಅಂದರೆ ವರ್ಷಕ್ಕೆ 600 ಪೌಂಡ್. ತೀರ ಚಿಕ್ಕ ಅಂಗಡಿಗಳಿಗೆ ಹಲವು ಕಡೆ ವಿನಾಯಿತಿ ಇರುತ್ತದೆ.

ಈ ಹಣ ಹೆಚ್ಚಾಗಿ ಬೀದಿ ಸ್ವಚ್ಛತೆ, ಕಾವಲು, ಹಬ್ಬದ ದೀಪಗಳಿಗೆ ಹೋಗುತ್ತದೆ. ಅದರಲ್ಲಿ ಗಿಡಮರಕ್ಕೆ ಎಷ್ಟು ಅನ್ನುವುದನ್ನು ಸದಸ್ಯರೇ ತೀರ್ಮಾನಿಸಬೇಕು.

ಒಗ್ಗಟ್ಟು ಯಾಕೆ ಬೇಕು?

ಪ್ರತಿಯೊಬ್ಬರೂ ತಮ್ಮ ತಮ್ಮ ಅಂಗಡಿ ಮುಂದೆ ಒಂದೊಂದು ಕುಂಡ ಇಟ್ಟುಕೊಂಡರೆ ಸಾಲದೇ? ಸಾಲದು. ಚಿಕ್ಕ ಜಾತಿಯ ಒಂಟಿ ಜೇನುನೊಣಗಳು ಗೂಡಿನಿಂದ ಕೆಲವು ನೂರು ಮೀಟರ್ ಮಾತ್ರ ಹಾರಿ ಆಹಾರ ಹುಡುಕುತ್ತವೆ. ಅಷ್ಟರೊಳಗೆ ಹೂವು ಸಿಗದಿದ್ದರೆ ಅವು ಅಲ್ಲಿ ಬದುಕಲಾರವು. ಹೊಳೆ ದಾಟಲು ಹಾಕಿದ ಕಲ್ಲುಗಳ ಹಾಗೆ ಹಸಿರು ಕೂಡ ಕಾಲಿಗೆ ಎಟುಕುವಷ್ಟು ಹತ್ತಿರ ಹತ್ತಿರ ಇರಬೇಕು. ನಡುವೆ ಒಂದು ಕಲ್ಲು ತಪ್ಪಿದರೂ ಉಳಿದ ಕಲ್ಲುಗಳು ದಂಡ.

ಈ ವಿಚಾರವನ್ನೇ ಹಿಡಿದು 2015ರಲ್ಲಿ ಲಂಡನ್ನಿನ ವೆಸ್ಟ್ ಎಂಡ್‌ನಲ್ಲಿ 'ವೈಲ್ಡ್ ವೆಸ್ಟ್ ಎಂಡ್' ಎಂಬ ಯೋಜನೆ ಶುರುವಾಯಿತು. ಇಲ್ಲಿ ಕೈಜೋಡಿಸಿದವರು ಅಂಗಡಿಯವರಲ್ಲ, ಅವರಿಗೆ ಕಟ್ಟಡ ಬಾಡಿಗೆಗೆ ಕೊಡುವ ದೊಡ್ಡ ಮಾಲೀಕರು. ರೀಜೆಂಟ್ ಸ್ಟ್ರೀಟಿನ ಕ್ರೌನ್ ಎಸ್ಟೇಟ್, ಮೇಫೇರಿನ ಗ್ರೋವ್‌ನರ್, ಮ್ಯಾರಿಲಬೋನ್‌ನ ಹೊವಾರ್ಡ್ ಡಿ ವಾಲ್ಡನ್ ಎಸ್ಟೇಟ್ ಮೊದಲಾದವರು. ವ್ಯಾಪಾರದಲ್ಲಿ ಒಬ್ಬರಿಗೊಬ್ಬರು ಪೈಪೋಟಿಯವರೇ! ಲಂಡನ್ ವೈಲ್ಡ್‌ಲೈಫ್ ಟ್ರಸ್ಟ್ ಜೊತೆಗಿತ್ತು. ಕನಿಷ್ಠ 100 ಚದರ ಮೀಟರಿನ ಹಸಿರು ತಾಣಗಳು, ಒಂದರಿಂದ ಇನ್ನೊಂದಕ್ಕೆ 100 ಮೀಟರಿಗಿಂತ ಹೆಚ್ಚು ಅಂತರವಿರಬಾರದು, ಇದು ಅವರ ಗುರಿ. ಚಾವಣಿ, ಗೋಡೆ, ಅಂಗಳ ಎಲ್ಲವೂ ಸೇರಿ ದೊಡ್ಡ ಪಾರ್ಕುಗಳ ನಡುವೆ ಒಂದು ದಾರಿಯಾಗಬೇಕು.

ಬ್ಲ್ಯಾಕ್ ರೆಡ್‌ಸ್ಟಾರ್ಟ್ ಎಂಬ ಹಕ್ಕಿಗೂ ಇಂಥ ಚಾವಣಿಗಳಿಂದ ಸಹಾಯ. ಗುಬ್ಬಿ ಗಾತ್ರದ, ಇಟ್ಟಿಗೆ ಬಣ್ಣದ ಬಾಲವನ್ನು ಸದಾ ಅದುರಿಸುವ ಹಕ್ಕಿ ಇದು. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಹಾಳಾದ ಲಂಡನ್ನಿನ ಕಟ್ಟಡಗಳಲ್ಲಿ ಇದು ಗೂಡು ಕಟ್ಟಿತ್ತು. ಇಂದು ಬ್ರಿಟನ್ನಿನಲ್ಲಿ ಮರಿ ಮಾಡುವ ಜೋಡಿಗಳು ನೂರಕ್ಕೂ ಕಡಿಮೆ. ನಮ್ಮ ಕರ್ನಾಟಕಕ್ಕೂ ಇದೇ ಜಾತಿಯ ಹಕ್ಕಿಗಳು ಚಳಿಗಾಲದಲ್ಲಿ ವಲಸೆ ಬರುತ್ತವೆ, ಆದರೆ ಅವು ಹಿಮಾಲಯ, ಮಧ್ಯ ಏಷ್ಯಾ ಕಡೆಯ ಬಳಗದವು. ಅಂತೂ ನಮಗೂ ಅದಕ್ಕೂ ದೂರದ ನೆಂಟಸ್ತಿಕೆ ಉಂಟು! ನಾವು ಚಿಕ್ಕಂದಿನಿಂದ ಕಂಡ ಮನೆಗುಬ್ಬಿಯೂ 2002ರಿಂದ ಇಲ್ಲಿ ಅಪಾಯದ ಕೆಂಪು ಪಟ್ಟಿಯಲ್ಲಿದೆ.

ಎಡವಿದ್ದೂ ಉಂಟು

ಎಲ್ಲವೂ ಚೆನ್ನಾಗಿಯೇ ನಡೆದಿದೆ ಎಂದರೆ ಸುಳ್ಳಾದೀತು. ಇಸ್ಲಿಂಗ್ಟನ್‌ನ ಒಂದು ಮಕ್ಕಳ ಕೇಂದ್ರದಲ್ಲಿ ಸಾರ್ವಜನಿಕ ಹಣದಿಂದ ಕಟ್ಟಿದ ಹಸಿರು ಗೋಡೆ 2009ರ ಹೊತ್ತಿಗೆ ಪೂರ್ತಿ ಒಣಗಿಹೋಯಿತು.

ಚಾವಣಿಯ ಮೇಲೆ ಜೇನುಪೆಟ್ಟಿಗೆ ಇಡುವುದೂ ಲಂಡನ್ ಕಂಪನಿಗಳಲ್ಲಿ ಒಂದು ಫ್ಯಾಷನ್ ಆಯಿತು. ಆದರೆ ಸಾಕಿದ ಜೇನು ಮಿತಿಮೀರಿದರೆ ಕಾಡು ಜೇನುಗಳಿಗೆ ಹೂವು ಸಾಲುವುದಿಲ್ಲ ಎಂದು ಕ್ಯೂ ಸಸ್ಯೋದ್ಯಾನದ 2020ರ ವರದಿ ಎಚ್ಚರಿಸಿತು. ಪೆಟ್ಟಿಗೆ ಇಡುವುದು ಸುಲಭ, ಫೋಟೋ ಕೂಡ ಚೆನ್ನಾಗಿ ಬರುತ್ತದೆ. ಹೂವು ಬೆಳೆಸುವುದು ಕಷ್ಟ.

ಇನ್ನೊಂದು ತೊಡಕು. ಬಿಡ್ ಅವಧಿ ಮುಗಿದ ಮೇಲೆ ಮತ್ತೆ ಮತದಾನ. ಸೋತರೆ ಕೂಟವೇ ಮುಚ್ಚುತ್ತದೆ. ಆದರೆ ಮರ ಐದು ವರ್ಷಕ್ಕೆ ದೊಡ್ಡದಾಗುವುದಿಲ್ಲ. ಇಂಗ್ಲೆಂಡಿನಲ್ಲಿ 2024ರ ಫೆಬ್ರವರಿಯಿಂದ ದೊಡ್ಡ ಕಟ್ಟಡ ಯೋಜನೆಗಳು ಜೀವವೈವಿಧ್ಯವನ್ನು ಮೊದಲಿದ್ದುದಕ್ಕಿಂತ ಕನಿಷ್ಠ ಶೇಕಡಾ 10ರಷ್ಟು ಹೆಚ್ಚಿಸಿ, ಅದನ್ನು 30 ವರ್ಷ ಕಾಪಾಡಬೇಕೆಂಬ ಕಾನೂನು ಜಾರಿಗೆ ಬಂತು. ಅದು ಹೊಸದಾಗಿ ಕಟ್ಟುವವರಿಗೆ. ಈಗಾಗಲೇ ಇರುವ ಅಂಗಡಿಬೀದಿಗಳಲ್ಲಿ ಇದು ಇನ್ನೂ ಹೆಚ್ಚಾಗಿ ವ್ಯಾಪಾರಿಗಳ ಮನಸ್ಸಿಗೆ ಬಿಟ್ಟ ವಿಷಯ.

ಅಮ್ಮನ ಪ್ರಶ್ನೆ ಸರಿಯಾಗಿಯೇ ಇತ್ತು. ಸಾಲುಮರದ ತಿಮ್ಮಕ್ಕ 2025ರ ನವೆಂಬರಿನಲ್ಲಿ ನಮ್ಮನ್ನಗಲಿದಾಗ ಅವರು ನೆಟ್ಟ ಆಲದ ಮರಗಳನ್ನು ಎಲ್ಲರೂ ನೆನೆದರು. ಆದರೆ ಹುಲಿಕಲ್ ಮತ್ತು ಕುದೂರಿನ ನಡುವಿನ ಆ ಮರಗಳು ಉಳಿದದ್ದು ನೆಟ್ಟದ್ದರಿಂದ ಮಾತ್ರವಲ್ಲ. ಗಂಡ ಹೆಂಡತಿ ಇಬ್ಬರೂ ದೂರದಿಂದ ಕೊಡದಲ್ಲಿ ನೀರು ಹೊತ್ತು ತಂದು ಹಾಕಿದ್ದರಿಂದ, ದನಕರು ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದ್ದರಿಂದ.

ನಾವೇನು ಮಾಡಬಹುದು?

ನಮ್ಮಲ್ಲಿ ಹಲವರು ಇಲ್ಲಿ ಹೋಟೆಲು, ಅಂಗಡಿ, ಕ್ಲಿನಿಕ್ ನಡೆಸುತ್ತಿದ್ದೀರಿ. ನಿಮ್ಮ ಬೀದಿ ಬಿಡ್ ಒಳಗಿದ್ದು ನೀವು ವಂತಿಗೆ ಕೊಡುತ್ತಿದ್ದರೆ ನಿಮಗೆ ಮತವೂ ಇದೆ. ಮುಂದಿನ ಮತದಾನದ ಕಾಗದ ಬಂದಾಗ ಕಸದ ಬುಟ್ಟಿಗೆ ಹಾಕಬೇಡಿ. ಅದರಲ್ಲಿ ಗಿಡಮರಕ್ಕೆ ಎಷ್ಟು, ಅದರ ನಿರ್ವಹಣೆಗೆ ಎಷ್ಟು ಎಂದು ಓದಿ ನೋಡಿ, ಇಲ್ಲದಿದ್ದರೆ ಕೇಳಿ. ಆಫೀಸಿನಲ್ಲಿ ಕೆಲಸ ಮಾಡುವವರು ತಮ್ಮ ಕಟ್ಟಡದ ಚಾವಣಿಯ ಮೇಲೆ ಏನಿದೆ ಎಂದು ಒಮ್ಮೆ ವಿಚಾರಿಸಿ. ಮಕ್ಕಳನ್ನು ಲಂಡನ್ನಿಗೆ ಕರೆದುಕೊಂಡು ಹೋದಾಗ ಅರಮನೆಯ ಜೊತೆಗೆ ಆ ಗೋಡೆಯನ್ನೂ ತೋರಿಸಿ.

ಅಮ್ಮ ಈಗಲೂ ಫೋನಿನಲ್ಲಿ ಕೇಳುತ್ತಾರೆ, "ಆ ಗೋಡೆ ಗಿಡ ಹೇಗಿದೆಯೋ?" ಇನ್ನು ಮುಂದೆ ಆ ಕಡೆ ಹೋದಾಗಲೆಲ್ಲ ನೋಡಿಕೊಂಡು ಬಂದು ಹೇಳಬೇಕು ಅಂದುಕೊಂಡಿದ್ದೇನೆ.